ಎದುರು ಹೇಳಿದ ಉಪದೇಶಿ ತಾತ

ಹೋದ ವಾರ ಕ್ಲಿನಿಕ್ಕಿನಲ್ಲಿ ನರ್ಸು ನನ್ನ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದಳು. ಆ ತಣ್ಣನೆಯ ವಾಸನೆಗೆ ಪಕ್ಕದ ಮನೆಯ ಉಪದೇಶಿ ತಾತ ನೆನಪಾದರು...

ತಮಿಳುನಾಡಿನ ಪಾಲಕೋಡ್ ಹತ್ತಿರದ ನಮ್ಮೂರಿನ ಚರ್ಚಿನಲ್ಲಿ ಅವರು ಮಕ್ಕಳಿಗೆ ಜಪ ಕಲಿಸುತ್ತಿದ್ದರು. ನಾವು ಹಿಂದೂಗಳು. ಆದರೂ ಜ್ವರ ಬಂದ ಮಕ್ಕಳಿಗೆ ಚರ್ಚಿನ ಹಿಂದಿನ ಹಳೇ ಪಾದ್ರಿಯ ಸಮಾಧಿಯ ಮಣ್ಣನ್ನು ನೀರಿನಲ್ಲಿ ಕದಡಿ ಕುಡಿಸುವುದು ನಮ್ಮ ಮನೆಗಳಲ್ಲೂ ಇತ್ತು. ತೊಂಬತ್ತರ ದಶಕ, ನನಗೆ ಹತ್ತು ವರ್ಷ, ಟೈಫಾಯಿಡ್ ಬಂತು. ಅವ್ವ ಮಣ್ಣಿನ ನೀರು ಕುಡಿಸಿದಳು. ಅಪ್ಪ ಊರಲ್ಲಿರಲಿಲ್ಲ, ತಮ್ಮ ಇನ್ನೂ ಹಸುಗೂಸು. ತಾತನೇ ನನ್ನನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಐದು ದಿನ ಇಂಜೆಕ್ಷನ್ ಹಾಕಿಸಿದರು. ಜ್ವರ ಇಳಿಯಿತು.

ಇಂಜೆಕ್ಷನ್ ಮಾತೆತ್ತಿದರೆ ಸಮಾಧಿಯ ಸಾಮಿಗೆ ಅವಮಾನವೆಂದು ಅವ್ವ ನಂಬಿದ್ದಳು. ಬರೀ ಮಣ್ಣಿನಿಂದಲೇ ಮಗಳು ಬದುಕಿದಳೆಂದು ಊರಿಗೆಲ್ಲ ಹೇಳಿದಳು. ಹೆಂಗಸರು ಕಾಯಿಲೆಯ ಕೂಸುಗಳನ್ನು ತಂದು ನನ್ನ ಮಡಿಲಿಗೆ ಹಾಕತೊಡಗಿದರು. ನಾನು ಆಟಕ್ಕೆ ಹೋಗುವಂತಿರಲಿಲ್ಲ. ಕೆಮ್ಮಿದರೂ ಅವ್ವ ಕಣ್ಣು ಬಿಡುತ್ತಿದ್ದಳು.

ಆ ಪಾದ್ರಿಯನ್ನು ಸಂತರೆಂದು ಸಾರಬೇಕೆಂಬ ಅರ್ಜಿ ಎದ್ದಾಗ ಊರೆಲ್ಲ ಕುಣಿಯಿತು. ತಾತ ಒಬ್ಬರೇ ನಮ್ಮ ಜಗಲಿಯಲ್ಲಿ ಅವ್ವನ ಮುಂದೆ ಗೊಣಗಿದರು.

"ಮುಂಚೆ ರೋಮ್ ಪಟ್ಣದಲ್ಲಿ ಸಂತ್ರಾಗೋರ್ ಕುಂದು ಉಡುಕಾಕೇ ಅಂತ ಒಬ್ಬ ಸಾಮಿ ಇರ್ತಿದ್ರು ಕಣವ್ವ. ಈಗ ಆ ಬಿಗಿ ಓಯ್ತು. ಪವಾಡಾನೂ ಕಮ್ಮಿ ಸಾಕಂತೆ. ಎಲ್ಲಾರ್ನೂ ಪಾಸ್ ಮಾಡಿದ್ರೆ ಓದ್ದೋನ್ಗೆ ಏನ್ ಮರ್ಯಾದೆ?"

"ನಿಂಗ್ಯಾಕ್ ತಾತ ವಟ್ಟೆಕಿಚ್ಚು? ನಿನ್ ಪಟ ಗೋಡೆಗೆ ಏರಲಿಲ್ಲ ಅಂತಾನಾ?" ಅವ್ವ ಚುಚ್ಚಿದಳು.

"ನನ್ ಪಟಕ್ಕೆ ಮೊಳೆ ದಂಡ ಬುಡವ್ವ," ಎಂದು ನಕ್ಕರು. ಆಮೇಲೆ ಮೆಲ್ಲಗೆ, "ಅವ್ರು ಸಂತರೇ ಇರ್ಬೌದು. ಅದುಕ್ಕೇ ಅವ್ರ ಎಸ್ರಲ್ಲಿ ಸುಳ್ಳು ಬ್ಯಾಡ," ಎಂದರು.

ಅರ್ಜಿಯಲ್ಲಿ ನನ್ನ ಜ್ವರ ಇಳಿದದ್ದನ್ನೇ ಪವಾಡವೆಂದು ಬರೆದಿದ್ದರು. ಅದರ ವಿಚಾರಣೆಗೆ ಸೇಲಂ ಕಡೆಯಿಂದ ಒಬ್ಬ ಪಾದ್ರಿ ಬಂದರು. ಚರ್ಚು ತುಂಬಿತ್ತು. ಅವ್ವನ ಕೈ ನನ್ನ ಭುಜದ ಮೇಲಿತ್ತು.

"ಔಷಧಿ ಏನಾದರೂ ತಗೊಂಡಿದ್ದೆಯಾ ಮಗು?"

"ಇಲ್ಲ."

ಹಿಂದಿನ ಸಾಲಿನಿಂದ ತಾತ ಎದ್ದು ನಿಂತರು. "ಸಾಮಿ, ಇವಳ್ನ ಆಸ್ಪತ್ರಿಗೆ ಕರ್ಕಂಡು ಓದೋನು ನಾನೇ."

"ಸುಳ್ಳು!" ಎಂದಳು ಅವ್ವ. ಎಲ್ಲರೂ ನನ್ನ ಕಡೆ ತಿರುಗಿದರು. ಬಾಗಿಲು ದೂರವಿತ್ತು, ನಡುವೆ ಅಷ್ಟೊಂದು ಮುಖಗಳು... ನಾನು ಮತ್ತೆ "ಇಲ್ಲ" ಎಂದೆ. ತಾತ ಕೂತುಬಿಟ್ಟರು.

ಮಾರನೆಯ ವಾರದಿಂದ ಅವರ ಬಳಿ ಯಾರೂ ಮಕ್ಕಳನ್ನು ಕಳಿಸಲಿಲ್ಲ. ನೀರಿಗೆ ಹೋದರೆ ಹೆಂಗಸರು ಮುಖ ತಿರುಗಿಸುತ್ತಿದ್ದರು. ಕೊನೆಗೆ ಅವರು ಓಮಲೂರಿನ ಮಗಳ ಮನೆಗೆ ಹೊರಟುಹೋದರು. ಬಸ್ಸು ಹತ್ತುವಾಗ ನಾನು ಕಿಟಕಿಯ ಹಿಂದೆ ನಿಂತಿದ್ದೆ. ಹೊರಗೆ ಬರಲಿಲ್ಲ.

ಆ ಅರ್ಜಿ ಮುಂದೆ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಮದುವೆಯಾದ ಮೇಲೆ ನಾನು ಓಮಲೂರಿಗೆ ಹೋಗುವಷ್ಟರಲ್ಲಿ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಮಗಳ ಮುಂದೆ ಎಲ್ಲವನ್ನೂ ಹೇಳಿ ಅತ್ತೆ.

"ಅಪ್ಪಂಗೆ ನಿನ್ ಮ್ಯಾಲೆ ಕ್ವಾಪ ಇರ್ಲಿಲ್ಲ ಕಣಮ್ಮ," ಎಂದರು ಆಕೆ. "ಅವ್ವನ ಕೈ ಎಗಲ್ ಮ್ಯಾಲಿರ್ವಾಗ ಮಗೀಗೆ ಬಾಯಿ ಎಂಗ್ ಬತ್ತದೆ ಅಂತಿದ್ರು."

ಅವ್ವನಿಗೆ ಈಗ ಎಪ್ಪತ್ತು ದಾಟಿದೆ. ಬಂದವರಿಗೆಲ್ಲ ನನ್ನನ್ನು ತೋರಿಸಿ ಆ ಕಥೆ ಹೇಳುತ್ತಾಳೆ. ಪಕ್ಕದಲ್ಲಿ ಕೂತು ನಾನು ತಲೆಯಾಡಿಸುತ್ತೇನೆ. ನಮ್ಮೂರ ಶಾಲೆಯಲ್ಲಿದ್ದದ್ದು ತಮಿಳು. ಕನ್ನಡ ಅಕ್ಷರ ನನಗೆ ಕಲಿಸಿದ್ದು ತಾತ. ಅವರು ಈಗಿಲ್ಲ, ಇದನ್ನು ಓದಲಾರರು. ಅವ್ವನಿಗೆ ಓದಲು ಬಾರದು. ಆ ಧೈರ್ಯದಲ್ಲಿ ಇದನ್ನು ಬರೆದೆ.