ಚಹಾ ಸಪ್ಪಗಾದರೆ ಎಲೆ ಅಸಲಿ

ಗುರುಪಾದಪ್ಪ ಕಾಕಾ ಚಹಾ ಕುಡಿದು ಮುಖ ಕಿವಿಚಿದರೆ ನಮ್ಮ ಲ್ಯಾಬಿನವರಿಗೆಲ್ಲ ಖುಷಿ. ಕ್ಯಾಂಟೀನಿನ ಚಹಾ ಪಾಕದಷ್ಟು ಸಿಹಿ. ಅದನ್ನು ಗುಟುಕರಿಸಿ ಅವರು "ಥೂ, ಬರೇ ಬಿಸಿನೀರು!" ಅಂದರೆ, ಅಂದು ಬಂದ ಮಧುನಾಶಿನಿ ಎಲೆ ಅಸಲಿ ಎಂದರ್ಥ.

ಪಟಾನ್‌ಚೆರುವಿನ ಒಂದು ಗಿಡಮೂಲಿಕೆ ಔಷಧದ ಕಾರ್ಖಾನೆಯಲ್ಲಿ ನನಗದು ಮೊದಲ ಕೆಲಸ, ಬಂದ ಮೂಲಿಕೆ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುವುದು. ಸಕ್ಕರೆ ಕಾಯಿಲೆಗೆ ಹಳಬರು ಕೊಡುತ್ತಿದ್ದ ಆ ಎಲೆ ಜಗಿದರೆ ಸ್ವಲ್ಪ ಹೊತ್ತು ನಾಲಿಗೆಗೆ ಸಿಹಿಯೇ ತಿಳಿಯುವುದಿಲ್ಲ. ಸಕ್ಕರೆ ಹಾಕಿಕೊಂಡರೂ ಮರಳು. ಕಾಕಾ ರಾಯಚೂರು ಕಡೆಯವರು. ಚೀಲ ಬಿಚ್ಚಿ ಮಾದರಿ ತೆಗೆಯುವುದು, ಗಾಜಿನ ಸಾಮಾನು ತೊಳೆಯುವುದು ಅವರ ಕೆಲಸ. ಜಗಿಯಿರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆದರೂ ಚೀಲದ ತಳಕ್ಕೆ ಕೈ ಹಾಕಿ ಒಂದೆಲೆ ಬಾಯಿಗೆ ಹಾಕಿಕೊಳ್ಳುವರು.

"ಮ್ಯಾಲಿನ ಎಲಿ ಬೀಗರಿಗೆ ತೋರ್ಸಾಕ, ತಂಗೀ. ಖರೇ ಸಂಸಾರ ತಳದಾಗ ಇರ್ತೈತಿ."

ನನಗೋ ಎಂ.ಎಸ್ಸಿ.ಯ ಜಂಬ. "ಈಗ ಮಿಷನ್ ಹೇಳ್ತೈತ್ರಿ ಕಾಕಾ," ಎನ್ನುತ್ತಿದ್ದೆ.

"ಹೇಳ್ಲಿ ಬಿಡವಾ. ಅದಕ್ಕ ಚಾ ಕುಡಿಯಾಕ ಬರ್ತೈತೇನು?"

ನನ್ನ ಪ್ರೊಬೇಷನ್ ಮುಗಿಯುವ ವಾರ ಬಂತು. ಕೆಲಸ ಕಾಯಂ ಆಗುತ್ತದೋ, ವಾಪಸ್ ಧಾರವಾಡಕ್ಕೆ ಗಂಟುಮೂಟೆ ಕಟ್ಟಬೇಕೋ ಎಂದು ನನಗೆ ನಿದ್ದೆಯೇ ಇಲ್ಲ. ಅದೇ ವಾರ ಬಂದ ಮಧುನಾಶಿನಿಯನ್ನು ಯಂತ್ರಕ್ಕೆ ಕೊಟ್ಟರೆ ಪರದೆಯ ಮೇಲಿನ ಗೆರೆ ಚಾಪೆಯಂತೆ ಮಲಗಿಬಿಟ್ಟಿತು. ಎಲೆ ಅಸಲಿಯಾದರೆ ಎದ್ದು ನಿಲ್ಲಬೇಕಾದ ಶಿಖರ ಏಳಲೇ ಇಲ್ಲ. ನಕಲಿ ಮಾಲು ಹಿಡಿದೆನೆಂದು ನನಗೆ ಭಲೇ ಹುರುಪು. 'ತಿರಸ್ಕೃತ' ಎಂದು ಬರೆದು ಲ್ಯಾಬಿನ ಮುಖ್ಯಸ್ಥೆ ಮೇಡಂ ಕೋಣೆಗೆ ಹೊರಟೆ. ಬಾಗಿಲಲ್ಲಿ ಕಾಕಾ, ಕೈಯಲ್ಲಿ ಚಹಾದ ಗ್ಲಾಸು.

"ಕೊಡಬ್ಯಾಡವಾ. ಚಾ ಸಪ್ಪಗ ಐತಿ."

"ನಿಮ್ಮ ಚಾ ನೋಡಿ ರಿಪೋರ್ಟ್ ಬರೀಲೇನ್ರೀ?" ಎಂದು ರೇಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವರು ಬೇಸರಿಸಲಿಲ್ಲ. "ಸಿಟ್ಟು ಮಾಡಿದ್ರ ಎಲಿ ಬದಲಾಗೂದಿಲ್ಲ. ಏನೇನ್ ಮಾಡಿದಿ, ಅಡಿಗಿ ಹೇಳ್ದಂಗ ಹೇಳು."

ಒಣಗಿಸಿದೆ, ಪುಡಿ ಮಾಡಿದೆ, ಸಾರ ತೆಗೆದೆ, ಸೋಸಿದೆ, ಯಂತ್ರಕ್ಕೆ ಕೊಟ್ಟೆ.

"ಕುದಿಸಿದ್ಯಾ? ಕುದಿಸಿದ್ರ ಆ ದುಂಡನ್ನ ಬಾಟ್ಲಿ ತೊಳಿಯಾಕ ನನ್ನ ಕಡೆ ಬರ್ಬೇಕಿತ್ತಲ್ಲ. ಬಂದಿಲ್ಲ."

ನಿದ್ದೆಗೆಟ್ಟ ನನ್ನ ತಲೆ ಕುದಿಸುವುದನ್ನೇ ಮರೆತಿತ್ತು. ಆ ಸಾರವನ್ನು ಮೊದಲು ಆಮ್ಲದಲ್ಲಿ, ಆಮೇಲೆ ಕ್ಷಾರದಲ್ಲಿ ಕುದಿಸಿ ಒಡೆಯಬೇಕು. ಒಡೆದ ಚೂರನ್ನೇ ನಮ್ಮ ಯಂತ್ರ ಗುರುತಿಸುವುದು. ನಾನು ತೆಂಗಿನಕಾಯಿ ಒಡೆಯದೆಯೇ ಕೊಬ್ಬರಿ ಇಲ್ಲ ಎಂದು ಬರೆದಿದ್ದೆ! ವರದಿ ಹರಿದು, ಮತ್ತೆ ಮೊದಲಿನಿಂದ ಮಾಡಿದೆ. ಮರುದಿನ ಶಿಖರ ನೆಟ್ಟಗೆ ಎದ್ದು ನಿಂತಿತು. ಕಾಕಾ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಕಾಯಂ ಆದ ದಿನ ಅವ್ವ ಕಳಿಸಿದ್ದ ಪೇಡೆ ಮೊದಲು ಕಾಕಾನ ಕೈಗೇ ಇಟ್ಟೆ. ನೋಡಿದರೆ, ಆಗಷ್ಟೇ ಹೊಸ ಚೀಲದ ಎಲೆ ಜಗಿದಿದ್ದಾರೆ, ಹಲ್ಲೆಲ್ಲ ಹಸಿರು.

"ಆಮ್ಯಾಲ ತಿನ್ರಿ ಕಾಕಾ, ಈಗ ರುಚಿ ಹತ್ತೂದಿಲ್ಲ."

"ಇಂಥಾದ್ದಕ್ಕ ತಡ ಮಾಡಬಾರ್ದವಾ." ಕಣ್ಣು ಮುಚ್ಚಿ ಒಂದು ಪೇಡೆ ಪೂರ್ತಿ ತಿಂದರು. "ಆಹಾ! ಭಾಳ ಸಿಹಿ ಐತಿ."

ಯಾವ ಎಲೆಯ ವಿಷಯದಲ್ಲೂ ಸುಳ್ಳಾಡದ ಮನುಷ್ಯ! ನನಗೆ ನಗು ತಡೆಯಲಾಗಲಿಲ್ಲ, ಜೊತೆಗೆ ಕಣ್ಣಲ್ಲಿ ನೀರೂ ಬಂತು.

ಕಳೆದ ವರ್ಷ ಕಾಕಾ ನಿವೃತ್ತರಾದರು. ಊರಿಗೆ ಹೊರಟ ದಿನ ಕೂಕಟ್‌ಪಲ್ಲಿಯ ನನ್ನ ರೂಮಿನಿಂದ ಕಾಚಿಗೂಡ ಸ್ಟೇಷನ್ನಿಗೆ ಪೇಡೆ ಡಬ್ಬಿ ಹಿಡಿದು ಓಡಿದೆ. ರೈಲು ಇನ್ನೇನು ಹೊರಡುವುದರಲ್ಲಿತ್ತು.

"ಇವತ್ತು ಎಲಿ ತಿಂದಿಲ್ಲ ಹೌದಲ್ರೀ?" ಎಂದು ಕಿಟಕಿಯಲ್ಲಿ ಡಬ್ಬಿ ಕೊಟ್ಟೆ.

"ಇಲ್ಲ ಬಿಡವಾ, ಬಾಯಿ ಸ್ವಚ್ಛ ಐತಿ." ಅಲ್ಲೇ ಒಂದು ಪೇಡೆ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಚಪ್ಪರಿಸಿದರು. ರೈಲು ಜಗ್ಗಿ ಹೊರಟಿತು. ಕಿಟಕಿಗೆ ಮುಖ ತಂದು ಕೂಗಿದರು:

"ಹೋದ ಸಲದಷ್ಟ ಸಿಹಿ ಐತಿ, ತಂಗೀ!"