ಮೇಕೆಯ ಬ್ಯಾಟರಿಗೆ ಒದ್ದೆ ಬಟ್ಟೆ

ನಮ್ಮ ಸುಗನ್ಯಾಗೆ ಕೆಲಸ ಖಾಯಂ ಆಯಿತು! ಇವತ್ತು ಬೆಳಿಗ್ಗೆ ಹತ್ತೂವರೆಗೆ ಕಾಗದ ಕೈಗೆ ಬಂತು. ತಮಿಳುನಾಡಿನ ಶಂಕಗಿರಿಯ ನಮ್ಮ ಲಾರಿ ಪಟ್ಟರೆಯಲ್ಲಿ ಟೂಲ್ ರೂಮಿನ ಇನ್‌ಚಾರ್ಜ್ ಈಗ ನನ್ನ ಮೊಮ್ಮಗಳು. ಆ ಕಾಗದವನ್ನು ಮೂವರ ಹತ್ತಿರ ಓದಿಸಿ ಕೇಳಿದೆ. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟವನಾದರೂ ಅಷ್ಟು ಓದಲು ನನಗೂ ಬರುತ್ತದೆ. ಆದರೆ ಬೇರೆಯವರ ಬಾಯಲ್ಲಿ ಅವಳ ಹೆಸರು ಕೇಳುವುದೇ ಒಂದು ರುಚಿ.

ಪಟ್ಟರೆ ಎಂದರೆ ನಮ್ಮ ಕಡೆ ಕೆಲಸದ ದೊಡ್ಡ ಷೆಡ್ಡು. ಹೊಸ ಲಾರಿ ನಮ್ಮಲ್ಲಿಗೆ ಬರುವಾಗ ಎಂಜಿನ್, ಚಕ್ರ, ಉದ್ದನೆಯ ಕಬ್ಬಿಣದ ಚಾಸಿ, ಇಷ್ಟೇ ಇರುತ್ತದೆ. ಅದರ ಮೇಲೆ ಸರಕು ತುಂಬುವ ಬಾಡಿ ಕಟ್ಟುವುದು ನಮ್ಮ ಕೆಲಸ. ನಲವತ್ತಾರು ವರ್ಷ ಅಲ್ಲಿ ಮರಗೆಲಸ ಮಾಡಿ, ಮೇಸ್ತ್ರಿ ಅನ್ನಿಸಿಕೊಂಡು ನಿವೃತ್ತನಾದೆ. ನಿವೃತ್ತಿ ಹೆಸರಿಗಷ್ಟೇ. ಎಂಟು ಗಂಟೆಯಾದರೆ ಕಾಲು ತಾನಾಗಿ ಆ ಕಡೆ ಎಳೆಯುತ್ತದೆ. ಹೋಗಿ ಉಳಿ ಮಸೆಯುತ್ತಾ ಕೂರುತ್ತೇನೆ.

ಬಾಡಿ ಕಟ್ಟುವುದೆಂದರೆ ತೂತು ಕೊರೆಯುವುದು. ಹಲಗೆಯಲ್ಲೂ ತೂತು, ಅದರ ಕೆಳಗಿನ ಕಬ್ಬಿಣದ ಚಾನಲ್‌ನಲ್ಲೂ ತೂತು, ಆಮೇಲೆ ಬೋಲ್ಟು. ನನ್ನ ಕಾಲಕ್ಕೆ ಹಲಗೆಗೆ ಕೈಬೈರಿಗೆ. ಆಮೇಲೆ ಕರೆಂಟಿನ ಡ್ರಿಲ್ ಬಂತು. ಅದರ ವೈರು ಲಾರಿ ಅಡಿಯಲ್ಲಿ ಹಾವಿನಂತೆ ಸುತ್ತಿಕೊಳ್ಳುತ್ತಿತ್ತು. ತಗಡಿನ ಅಂಚಿಗೆ ತಾಗಿ ಸಿಪ್ಪೆ ಸುಲಿದು ಇಬ್ಬರಿಗೆ ಷಾಕ್ ಹೊಡೆದಿತ್ತು. ಐಟಿಐ ಓದಿ ಮೂರು ತಿಂಗಳ ಟ್ರಯಲ್ ಮೇಲೆ ಸೇರಿದ ಸುಗನ್ಯಾ ಮೊದಲ ವಾರವೇ ಪಟ್ಟರೆಯ ಯಜಮಾನರಾದ ಮುದಲಾಳಿಯ ಮುಂದೆ ನಿಂತು, ವೈರಿಲ್ಲದ, ಬ್ಯಾಟರಿಯ ಡ್ರಿಲ್ ತರಿಸಿ ಎಂದಳು.

ಮುದಲಾಳಿಯದೂ ನಮ್ಮಂತೆ ಕನ್ನಡವೇ ಮನೆಮಾತು. ಅವರು ಎರಡು ಕಂಪನಿಯಿಂದ ಒಂದೊಂದು ಡ್ರಿಲ್ ತರಿಸಿದರು, ಒಂದೊಂದಕ್ಕೂ ಎರಡೆರಡು ಬ್ಯಾಟರಿ.

"ಹತ್ತು ದಿನ ಓಡ್ಸಿ ನೋಡಮ್ಮ. ಯಾವ್ದು ಒಳ್ಳೇದು ಅಂತ ನೀನೇ ತಿಳ್ಸು. ಅದ್ರಲ್ಲೇ ಎಂಟು ಮೆಷಿನ್ ತಗೊಳ್ಳಾನ. ಆದ್ರೆ ಒಂದು ಮಾತು. ತಪ್ಪಾತು ಅಂದ್ರೆ ಟೂಲ್ ರೂಮ್‌ಗೆ ಬೇರೆ ಆಳು ನೋಡ್ತೀನಿ," ಎಂದರು.

ಒಂದು ಭಾರ, ಒಂದು ಹಗುರ. ಡ್ರಿಲ್ ಹಿಡಿಯುವ ಕುಮಾರ ಅಂದೇ ಅವಕ್ಕೆ ಎಮ್ಮೆ, ಮೇಕೆ ಎಂದು ಹೆಸರಿಟ್ಟ. ಸುಗನ್ಯಾ ಒಂದೇ ಹಲಗೆ, ಒಂದೇ ಚಾನಲ್, ಒಂದೇ ಅಳತೆಯ ಬಿಟ್ ಕೊಟ್ಟು ಎರಡರಲ್ಲೂ ಕೊರೆಸಿದಳು. ಒಂದು ಚಾರ್ಜಿಗೆ ಎಮ್ಮೆ ಮೂವತ್ತಾರು ತೂತು ಕೊರೆಯಿತು, ಮೇಕೆ ಮೂವತ್ತೊಂದು. ಆದರೆ ಶಾಖ ಅಳೆಯುವ ಪುಟ್ಟ ಗನ್ ಹಿಡಿದಾಗ ಎಮ್ಮೆಯ ಬ್ಯಾಟರಿ ಅರವತ್ತೊಂದು ಡಿಗ್ರಿ, ಮೇಕೆಯದು ನಲವತ್ತೆಂಟು. ಲಾರಿ ಅಡಿಯಲ್ಲಿ ಮಲಗಿ ತಲೆಯ ಮೇಲಕ್ಕೆ ಎತ್ತಿ ಹಿಡಿಯುವವರಿಗೆ ಹಗುರವೂ ಬೇಕು, ತಣ್ಣಗೂ ಇರಬೇಕು. "ನನ್ ಓಟು ಮೇಕೆಗೆ," ಎಂದು ಬರೆದಿಟ್ಟಳು.

ನನ್ನ ಓಟೂ ಮೇಕೆಗೇ. ಅಲ್ಲೇ ನಾನು ಕೆಟ್ಟೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ನಾನು ಆ ಡ್ರಿಲ್ ಮುಟ್ಟಿ ನೋಡುತ್ತಿದ್ದೆ. ಆ ಹೊತ್ತಿಗೆ ದಿನವೂ ಎರಡನೇ ಬ್ಯಾಟರಿ ಚಾರ್ಜಿನಲ್ಲಿರುತ್ತಿತ್ತು, ಡ್ರಿಲ್‌ನಲ್ಲಿದ್ದ ಮೊದಲನೆಯದು ಬೆಚ್ಚಗಿರುತ್ತಿತ್ತು. ಮರಗೆಲಸಕ್ಕೆ ಬರುವ ಮುಂಚೆ ಎರಡು ವರ್ಷ ನಾನು ಲಾರಿ ಕ್ಲೀನರ್. ತೊಪ್ಪೂರು ಘಾಟಿ ಹತ್ತುವಾಗ ಡೀಸೆಲ್ ಪಂಪು ಕಾದು ಲಾರಿ ನಿಂತರೆ, ಇಳಿದು ಪಂಪಿಗೆ ಒದ್ದೆ ಬಟ್ಟೆ ಸುತ್ತುವುದೇ ಮದ್ದು. ಹತ್ತು ನಿಮಿಷಕ್ಕೆ ಲಾರಿ ಏಳುತ್ತಿತ್ತು. ಅದೇ ಬುದ್ಧಿ ಇಲ್ಲೂ ಓಡಿತು. ಬ್ಯಾಟರಿ ಬಿಚ್ಚಿ, ಟವಲ್ಲು ನೆನೆಸಿ, ಮಗುವಿಗೆ ಸುತ್ತಿದಂತೆ ಸುತ್ತಿಡುತ್ತಿದ್ದೆ. ಅವರು ಬರುವ ಹೊತ್ತಿಗೆ ಒರೆಸಿ ಹಾಕಿಬಿಡುತ್ತಿದ್ದೆ. ಹೀಗೆ ಆರು ದಿನ. ಮೊಮ್ಮಗಳಿಗೆ ಗೊತ್ತಿಲ್ಲದೆ ಒಂದು ಕೈ ಸಹಾಯ ಎಂದು ಒಳಗೊಳಗೇ ಹಿಗ್ಗು ಬೇರೆ.

ಹತ್ತನೇ ದಿನ ಮುದಲಾಳಿ ಕುರ್ಚಿ ಹಾಕಿಸಿಕೊಂಡು ಕೂತರು. ಎಮ್ಮೆ ಮೂವತ್ತೈದು ಕೊರೆಯಿತು. ಮೇಕೆ ಒಂಬತ್ತನೇ ತೂತಿಗೆ ಗಕ್ಕನೆ ನಿಂತಿತು. ಕುಮಾರ ಬ್ಯಾಟರಿ ಮುಟ್ಟಿ ಕೈ ಒದರಿಕೊಂಡ.

"ಉಸ್ಸಪ್ಪಾ, ಬೆಂಕಿ ಆದಂಗೈತೆ!"

"ಇದೇನಮ್ಮ ನಿನ್ ಮೇಕೆ? ಸುಮ್ನೆ ಎಮ್ಮೇನೇ ತಗೋತೀನಿ. ನೀನು ನಾಳೆ ಟೂಲ್ ರೂಮ್ ಬೀಗದ ಕೈ ಕೊಟ್ಬುಡು," ಎಂದರು ಮುದಲಾಳಿ.

ಸುಗನ್ಯಾ ಅಳಲಿಲ್ಲ. ಬ್ಯಾಟರಿ ಕಳಚಿ ಬೆಳಕಿಗೆ ಹಿಡಿದಳು. ಕರೆಂಟು ಹಾಯುವ ಪಟ್ಟಿಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು, ಹುಣಸೆಹಣ್ಣು ಕಾಣದ ತಾಮ್ರದ ಚೊಂಬಿನಂತೆ.

"ಸಾರ್, ಇದು ಮೆಷಿನ್ ತಪ್ಪಲ್ಲ. ಯಾರೋ ನೀರು ಮುಟ್ಸವ್ರೆ. ಕಿಲುಬು ಇದ್ರೆ ಕರೆಂಟು ಸಲೀಸಾಗಿ ಓಡಲ್ಲ, ಅಲ್ಲೇ ಕಾಯ್ತೈತೆ, ಮೆಷಿನ್ ತಾನೇ ನಿಂತುಕೊಳ್ತೈತೆ."

ಮುದಲಾಳಿಯ ಕಣ್ಣು ಕುಮಾರನ ಮೇಲೆ ಬಿತ್ತು. "ಏನ್ಲಾ, ಕೈ ತೊಳ್ಕೊಂಡ್ ಬಂದು ಅಂಗೇ ಇಡೀತೀಯಾ?"

"ಅಯ್ಯೋ, ನಮ್ಮಪ್ಪನಾಣೆ ನಾನಲ್ಲ!"

ನನ್ನ ಹೆಗಲ ಮೇಲಿನ ಟವಲ್ಲು ಇನ್ನೂ ಒದ್ದೆಯಾಗಿತ್ತು. ಸುಮ್ಮನಿದ್ದರೆ ಕುಮಾರನ ತಲೆಗೆ ಬರುತ್ತದೆ, ಮೊಮ್ಮಗಳ ಕೆಲಸವೂ ಹೋಗುತ್ತದೆ. ಇಷ್ಟು ವರ್ಷ ಕೆಲಸ ಕಲಿಸಿದ ಹುಡುಗರ ಮುಂದೆ ಎದ್ದು ನಿಂತೆ.

"ಅವನಲ್ಲ ಮುದಲಾಳಿ, ನಾನು. ಪಂಪಿಗೆ ಸುತ್ತಿದಂಗೆ ಒದ್ದೆ ಬಟ್ಟೆ ಸುತ್ತಿದೆ."

ಸುಗನ್ಯಾ ಸೊಂಟದ ಮೇಲೆ ಕೈಯಿಟ್ಟಳು.

"ತಾತಾ! ಇದೇನು ಡೀಸೆಲ್ ಪಂಪಾ? ಒಳಗೆ ನೀರು ಓಗಿ ಬೆಂಕಿ ಅತ್ಕೊಂಡಿದ್ರೆ ಇಷ್ಟೊಂದು ಮರ ಐತೆ, ನೀನಿದ್ದೀಯ!"

ಬೈಗುಳದಲ್ಲೂ ಮೊದಲು ಮರ, ಆಮೇಲೆ ನಾನು. ಟೂಲ್ ರೂಮಿಗೆ ಇವಳೇ ಸರಿ ಎಂದು ನನಗೆ ಆಗಲೇ ಖಾತ್ರಿಯಾಯಿತು.

ಆ ಬ್ಯಾಟರಿಯನ್ನು ಅವಳು ದೂರ, ಮರಳು ತುಂಬಿದ ಬಕೆಟ್ಟಿನಲ್ಲಿ ಇಟ್ಟು ಬಂದಳು. ಡ್ರಿಲ್‌ನ ಒಳಗಿನ ಪಟ್ಟಿಗಳು ಚೊಕ್ಕವಾಗಿವೆಯೇ ಎಂದು ಟಾರ್ಚ್ ಬಿಟ್ಟು ನೋಡಿದಳು. ಆಮೇಲೆ ಚಾರ್ಜಿನಲ್ಲಿದ್ದ ಎರಡನೇ ಬ್ಯಾಟರಿ ಹಾಕಿ ಕುಮಾರನ ಕೈಗೆ ಕೊಟ್ಟಳು. ಹುಡುಗರೆಲ್ಲ ಜೋರಾಗಿ ಎಣಿಸತೊಡಗಿದರು. ಒಂಬತ್ತು ದಾಟಿದಾಗ ಒಂದು ಶಿಳ್ಳೆ. ಇಪ್ಪತ್ತು. ಮೂವತ್ತು. ಮೂವತ್ತೆರಡಕ್ಕೆ ಮೇಕೆ ಸುಸ್ತಾಯಿತು, ಬ್ಯಾಟರಿ ನಲವತ್ತೇಳು ಡಿಗ್ರಿ.

ಮುದಲಾಳಿ ಎದ್ದು ಬಂದು ಬ್ಯಾಟರಿಯನ್ನು ತಾವೇ ಮುಟ್ಟಿ ನೋಡಿದರು. "ಮೇಸ್ತ್ರಿ, ಮೊಮ್ಮಗಳ ಕೆಲ್ಸಕ್ಕೆ ನೀನೇ ನೀರು ಬಿಡ್ತಿದ್ಯಲ್ಲಪ್ಪಾ!" ಎಂದು ಹೊಟ್ಟೆ ಕುಲುಕಿ ನಕ್ಕರು. ಎಂಟು ಮೇಕೆಗೆ ಆರ್ಡರ್ ಹೋಯಿತು. ನಾನು ಕೆಡಿಸಿದ ಬ್ಯಾಟರಿಗೆ ಬದಲು ಬ್ಯಾಟರಿ ನಾನೇ ತಂದುಕೊಟ್ಟೆ.

ಸುಗನ್ಯಾ ನನಗೆ ಶಿಕ್ಷೆಯನ್ನೂ ಕೊಟ್ಟಳು. ಬ್ಯಾಟರಿಗಳು ಆರಲು ನೆರಳಿನಲ್ಲಿ ಒಂದು ಗೂಡು ಬೇಕು, ಗಾಳಿಯಾಡಲು ತೂತು ಬೇಕು ಎಂದಳು. ಹಳೇ ಬೈರಿಗೆ ತೆಗೆದು ಎರಡು ದಿನ ಕೂತು ಮಾಡಿದೆ. ಈಗ ಬಿಸಿ ಬ್ಯಾಟರಿ ಯಾರೂ ನೇರ ಚಾರ್ಜಿಗೆ ಹಾಕುವಂತಿಲ್ಲ. ಅರ್ಧ ಗಂಟೆ ನನ್ನ ಗೂಡಿನಲ್ಲಿ ಸುಮ್ಮನೆ ಕೂರಬೇಕು. ನಲವತ್ತಾರು ವರ್ಷದ ಕೆಲಸ ನನಗೆ ಕಡೆಗೆ ಕಲಿಸಿದ್ದೂ ಅದೇ. ಕಾದದ್ದನ್ನೆಲ್ಲ ಓಡಿಹೋಗಿ ತಣಿಸಬಾರದು, ಅದರ ಜಾತಿ ಏನೆಂದು ತಿಳಿದವರನ್ನು ಮೊದಲು ಕೇಳಬೇಕು. ಆ ತಿಳಿದವರು ನಮಗಿಂತ ನಲವತ್ತು ವರ್ಷ ಚಿಕ್ಕವರಾದರೂ ಸರಿ.

ಇವತ್ತು ಸಂಜೆ ಧರ್ಮಪುರಿಯಿಂದ ಚಿಕ್ಕ ಮಗನ ಸಂಸಾರವೂ ಬಸ್ಸು ಹಿಡಿದು ಬಂತು. ನನ್ನ ಹೆಂಡತಿ ಮಾದಮ್ಮ ನಾಟಿ ಕೋಳಿ ಸಾರು ಮಾಡಿ, ರಾಗಿ ಮುದ್ದೆ ಕಟ್ಟಿದಳು. ಹನ್ನೊಂದು ಜನ ನಡುಮನೆಯಲ್ಲಿ ಸಾಲಾಗಿ ಕೂತೆವು. ಮೊದಲ ಮುದ್ದೆ ಸುಗನ್ಯಾಗೆ. ನಾನು ಆತುರಕ್ಕೆ ಸಾರಿಗೆ ಬೆರಳಿಟ್ಟು "ಸ್ಸ್" ಎಂದೆ. ಅವಳು ಎಲೆಯಿಂದ ತಲೆ ಎತ್ತದೆ ಕೇಳಿದಳು:

"ಯಾಕೆ ತಾತಾ, ಒದ್ದೆ ಬಟ್ಟೆ ತರ್ಲಾ?"

ಮಾದಮ್ಮ ನಕ್ಕು ನಕ್ಕು ಸೌಟನ್ನೇ ಕೆಳಗೆ ಬಿಟ್ಟಳು. ನಾನು ಕೈ ಎತ್ತಿಟ್ಟುಕೊಂಡು, ಸಾರು ಆರುವವರೆಗೆ ಸುಮ್ಮನೆ ಕೂತೆ. ಆಮೇಲೆ ಎಲ್ಲರ ಜೊತೆ ಹೊಟ್ಟೆ ತುಂಬ ಉಂಡೆ.