ಸನತ್‌ನಗರಕ್ಕೆ ಒಯ್ದ ಪತ್ರ

ಬೀದರಿನಿಂದ ಬೆಳಗಿನ ಆರೂವರೆಯ ಬಸ್ಸು ಹಿಡಿದಾಗ ನನ್ನ ಅಂಗಿಯ ಜೇಬಿನಲ್ಲಿ ಮಿಯಾಪುರದ ಟಿಕೆಟಿನ ಜೊತೆ ಒಂದು ಪತ್ರವಿತ್ತು. ನಮ್ಮ ಸಭೆಯ ಪಾಸ್ಟರು ಹೈದರಾಬಾದಿನ ಸನತ್‌ನಗರದ ಪಾಸ್ಟರಿಗೆ ಬರೆದು, ಅಂಟು ಹಚ್ಚಿ ಕೊಟ್ಟದ್ದು. ಮರುದಿನ ಅಲ್ಲೇ ಇರುವ ನನ್ನ ತಂಗಿ ರತ್ನಳಿಗೆ ಹೊಟ್ಟೆಯ ಗಡ್ಡೆಯ ಆಪರೇಶನ್ನು. 'ಅಣ್ಣಾ, ನೀ ಬಂದು ಪ್ರಾರ್ಥನಾ ಮಾಡು' ಎಂದು ಫೋನಿನಲ್ಲಿ ಹೇಳಿದ್ದಳು. ಬಂದು ಅಲ್ಲಿನ ಪಾಸ್ಟರಿಂದ ಮಾಡಿಸು ಎಂದು ನಾನು ತಿಳಿದುಕೊಂಡೆ.

ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಇಪ್ಪತ್ತಾರು ವರ್ಷದಿಂದ ಸರಕಾರಿ ಕಚೇರಿಯಲ್ಲಿ ಸಾಹೇಬರ ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಕೂತ ಜವಾನ ನಾನು. ಹೆಸರು, ಊರು, ಕೆಲಸ ಬರೆದ ಚೀಟಿ ಕೊಡದ ಯಾರನ್ನೂ ಒಳಗೆ ಬಿಟ್ಟವನಲ್ಲ. ಒಬ್ಬ ಅಧಿಕಾರಿಗೇ ಇಷ್ಟು ರಿವಾಜು ಇರುವಾಗ, ಭೂಮಿ ಆಕಾಶ ಮಾಡಿದವನ ಮುಂದೆ ಸೀದಾ ಹೋಗಿ ನಿಲ್ಲುವುದು ಹೇಗೆ? ಸಭೆಯಲ್ಲಿ ಉಳಿದವರು ಬಾಯಿಬಿಟ್ಟು ಪ್ರಾರ್ಥಿಸುವಾಗ ನಾನು ಕೊನೆಯ ಆಮೆನ್ ಮಾತ್ರ ಗಟ್ಟಿಯಾಗಿ ಹೇಳುತ್ತಿದ್ದೆ.

ಜಹೀರಾಬಾದಿನಲ್ಲಿ ಬಸ್ಸು ಕಾಲುಗಂಟೆ ನಿಂತಿತು. ಇಡ್ಲಿ ಚೆನ್ನಾಗಿತ್ತು, ಚಟ್ನಿ ಕಣ್ಣಲ್ಲಿ ನೀರು ತರಿಸಿತು. ಪಟಾಂಚೆರು ದಾಟುವಷ್ಟರಲ್ಲಿ ಬಿಸಿಲು ಏರಿತ್ತು. ಮಿಯಾಪುರದಲ್ಲಿ ಇಳಿದು ಮೆಟ್ರೋ ಹತ್ತಲು ಹೋದರೆ ಕದಗಳು ತಾವೇ ತೆರೆದುಕೊಂಡವು. ಯಾರನ್ನು ಕೇಳಬೇಕೋ ತಿಳಿಯದೆ ನಿಂತೆ. ಹಿಂದಿದ್ದವರು ನೂಕಿದ್ದರಿಂದ ಒಳಗೆ ಬಿದ್ದೆ. ಎರ್ರಗಡ್ಡದಲ್ಲಿ ಇಳಿದು ಶೇರ್ ಆಟೋ ಹಿಡಿದು ಚರ್ಚು ಮುಟ್ಟಿದೆ.

ಅಂಗಳ ಗುಡಿಸುತ್ತಿದ್ದ ಹೆಂಗಸು ಅರ್ಧ ಹಿಂದಿ, ಅರ್ಧ ತೆಲುಗಿನಲ್ಲಿ, ಪಾಸ್ಟರು ಊರಲ್ಲಿಲ್ಲ, ಶನಿವಾರ ಬರುತ್ತಾರೆ ಎಂದಳು. ಪತ್ರ ತೋರಿಸಿದೆ. ಗೋಡೆಯ ಮೇಲಿನ ಪ್ರಾರ್ಥನೆಯ ಡಬ್ಬಿಯಲ್ಲಿ ಹಾಕು, ಭಾನುವಾರ ತೆಗೆದು ಓದುತ್ತಾರೆ ಎಂದಳು. ಆಪರೇಶನ್ನು ನಾಳೆ ಎಂದೆ. ಬಾಗಿಲು ತೆರೆದೇ ಇದೆ, ನೀನೇ ಹೋಗಿ ಕೇಳು ಎಂದು ಪೊರಕೆಯಿಂದ ಒಳಗೆ ತೋರಿಸಿದಳು. ಒಳಗೆ ಬೆಂಚುಗಳ ಹೊರತು ಯಾರೂ ಇರಲಿಲ್ಲ. ಚಪ್ಪಲಿ ಬಿಟ್ಟೆ. ಮತ್ತೆ ಮೆಟ್ಟಿಕೊಂಡು ಹೊರಟುಬಿಟ್ಟೆ. ಯಾಕೆಂದು ಇವತ್ತಿಗೂ ಹೇಳಲಾರೆ.

ಕಾರ್ಖಾನೆಗಳ ಹಿಂದಿನ ಸಾಲುಮನೆಯಲ್ಲಿ ರತ್ನ ಒಬ್ಬಳೇ ಮಂಚದ ಮೇಲೆ ಕೂತಿದ್ದಳು. ಗಂಡ ಪಾಳಿಗೆ ಹೋಗಿದ್ದ. ಪಾಸ್ಟರು ಸಿಗದ ಕಥೆ ಹೇಳಿದೆ.

'ಪಾಸ್ಟರಿಗಿ ಯಾರು ಕರೆದಾರ? ನಾ ನಿನಗ ಕರೆದೀನಿ' ಎಂದಳು.

ಎದ್ದು ನಿಂತೆ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡೆ. ಕಣ್ಣು ಮುಚ್ಚಿ, 'ಮಾನ್ಯರ ಸನ್ನಿಧಾನಕ್ಕೆ ವಿನಂತಿಸಿಕೊಳ್ಳುವುದೇನೆಂದರೆ, ಸದರಿ ರತ್ನಮ್ಮ ಎಂಬಾಕೆ' ಎಂದು ಶುರು ಮಾಡಿದೆ. ದೊಡ್ಡವರಿಗೆ ಹೇಳುವ ಬೇರೆ ಮಾತು ನನಗೆ ಗೊತ್ತಿರಲಿಲ್ಲ. ರತ್ನ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಅಳತೊಡಗಿದಳು.

'ಅಣ್ಣಾ, ಸಣ್ಣವ್ರಿದ್ದಾಗ ನಿನಗ ಏನರೆ ಬೇಕಾದ್ರ ನನಗೇ ಅಪ್ಪನ ಹತ್ರ ಕಳಿಸ್ತಿದ್ದಿ. ನಿನ್ನ ಸಲುವಾಗಿ ನಾ ಸೀದಾ ಹೋಗಿ ಕೇಳ್ತಿದ್ದೆ. ಈಗ ಅಂಜಿಕಿಗಿ ನನ್ನ ಬಾಯಾಗ ಮಾತೇ ಬರವಲ್ದು. ಇದೊಂದು ಸಲ ನೀ ಹೋಗು.'

ನಿಜ. ಕ್ರಿಸ್‌ಮಸ್ಸಿನ ಹೊಸ ಅಂಗಿಗೂ ಅವಳೇ ಹೋಗುತ್ತಿದ್ದಳು, ನಾನು ಕದದ ಮರೆಯಲ್ಲಿ ನಿಂತಿರುತ್ತಿದ್ದೆ. ನಾಚಿಕೆಯಾಯಿತು. ಮತ್ತೆ ಕಣ್ಣು ಮುಚ್ಚಿದೆ.

'ಅಪ್ಪಾ, ಇಕಿ ನನ್ನ ತಂಗಿ. ಇಕಿಗಿ ನಮ್ಮ ಹತ್ರಾನೇ ಬಿಡು' ಎಂದೆ. ಅಷ್ಟೇ. ಆಮೆನ್ ರತ್ನಳೇ ಹೇಳಿದಳು.

ಮರುದಿನ ಗಡ್ಡೆ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿಗೆ ಹತ್ತು ದಿನ ಕಾಯಬೇಕು ಎಂದರು. ರತ್ನ ಸಂಜೆ ಕಣ್ಣು ಬಿಟ್ಟು, ಊಟ ಮಾಡಿದೆಯಾ ಎಂದು ನನ್ನನ್ನೇ ಕೇಳಿದಳು. ನನ್ನ ಮಾತು ಮೇಲೆ ಮುಟ್ಟಿತೋ, ಇಲ್ಲ ಡಾಕ್ಟರ ಕೈಗುಣವೋ? ಹಿಂತಿರುಗುವ ಬಸ್ಸಿನಲ್ಲಿ ಜಹೀರಾಬಾದಿನವರೆಗೂ ಯೋಚಿಸಿದೆ, ಬಗೆಹರಿಯಲಿಲ್ಲ.

ಬೀದರಿನಲ್ಲಿ ಇಳಿದವನೇ ಪತ್ರವನ್ನು ನಮ್ಮ ಪಾಸ್ಟರ ಕೈಗೆ ಮರಳಿ ಕೊಟ್ಟೆ. ಅಂಟು ಹಾಗೇ ಇತ್ತು.

'ಕೊಡಲಿಲ್ಲೇನು?' ಎಂದರು.

'ಇಲ್ರಿ. ನಾನೇ ಸೀದಾ ಹೋದೆ.'

'ದೇವರು ಏನಂದ?'

'ಒಳಗ ಬಾ ಅಂತ ಅನ್ನಲಿಲ್ರಿ' ಎಂದೆ. 'ಚೀಟಿ ಎಲ್ಲಿ ಅದ ಅಂತನೂ ಕೇಳಲಿಲ್ಲ.'